ನಮ್ಮತ್ತೆಯ ತಲೆಗೇರಿದ ಕಿರೀಟ

ಕಳೆದ ಭಾನುವಾರ ನಮ್ಮತ್ತೆ ಚಕ್ರವರ್ತಿಯಾದರು. ಸಿಂಗಪುರದ ಬುಕಿತ್ ಬಾಟೋಕ್‌ನಲ್ಲಿ, ನಮ್ಮ ಬ್ಲಾಕಿನ ಕೆಳಗೆ ಎಲ್ಲರೂ ಸೇರಲೆಂದು ಖಾಲಿ ಬಿಟ್ಟಿರುವ ವಾಯ್ಡ್ ಡೆಕ್‌ನಲ್ಲಿ. (ನಗಬೇಡಿ, ಫೋಟೋ ಇದೆ.)

ಪಟ್ಟ ಕಟ್ಟಿದವರು ಪಕ್ಕದ ಮನೆಯ ಟೆರೆಸಾ ಆಂಟಿ. ಪೋರ್ಚುಗಲ್‌ಗೆ ಸೇರಿದ ಅಝೋರ್ಸ್ ದ್ವೀಪಗಳವರು. ಮಗನಿಗೆ ಇಲ್ಲಿನ ಜುರಾಂಗ್ ಐಲ್ಯಾಂಡ್‌ನಲ್ಲಿ ಕೆಲಸ. ಅವರೂರಿನಲ್ಲಿ ಈಸ್ಟರ್ ಕಳೆದ ಮೇಲೆ ಪವಿತ್ರಾತ್ಮನ ಹಬ್ಬ. ಹಿಂದೆ ರಾಣಿಯೊಬ್ಬಳು ಕಿರೀಟವನ್ನು ಒಬ್ಬ ಬಡವನ ತಲೆಗಿಟ್ಟು, ಅವನಿಗೆ ಊಟ ಬಡಿಸಿದಳಂತೆ. ಅಂದಿನಿಂದ ಹಬ್ಬದಲ್ಲಿ ಯಾರ ಚೀಟಿ ಬರುತ್ತದೋ ಅವರೇ ಚಕ್ರವರ್ತಿ. ಬಂದವರಿಗೆಲ್ಲ ಬ್ರೆಡ್ಡು, ಸಾರು ಪುಕ್ಕಟೆ. ಇದೇನು ಅಧಿಕಪ್ರಸಂಗ ಎಂದು ಬಿಷಪ್ಪರು ಗದರಿಸಿದ್ದೂ ಉಂಟಂತೆ. ಜನ ಕ್ಯಾರೇ ಅನ್ನಲಿಲ್ಲ. ನನಗೆ ಈ ಹಬ್ಬ ಹಿಡಿಸಿದ್ದೇ ಅದಕ್ಕೆ.

ಈ ಸಲ ಆ ಹಬ್ಬವನ್ನು ಇಲ್ಲೇ ಮಾಡಿದ ಆಂಟಿ, ಬ್ಲಾಕಿನವರ ಹೆಸರುಗಳನ್ನು ಬಟ್ಟಲಿಗೆ ಹಾಕಿ ಒಂದು ಚೀಟಿ ಎತ್ತಿದರು. ಬಂದದ್ದು ನಮ್ಮತ್ತೆಯ ಹೆಸರು!

ಬ್ರೆಡ್ಡಿನಲ್ಲಿ ಮೊಟ್ಟೆ ಇದೆಯೆಂದು ಬಾಳೆಹಣ್ಣು ತಿನ್ನುತ್ತ ಕೂತಿದ್ದ ಅತ್ತೆ ದಡಬಡ ಎದ್ದು ಹಿಂದೆ ಸರಿದರು. "ನನಗೆ ಬೇಡಮ್ಮ. ಯಾರಾದ್ರೂ ಮುತ್ತೈದೆಯರು ಹಾಕ್ಕೊಳ್ಳಲಿ."

ಮಾವ ತೀರಿಕೊಂಡ ಮೇಲೆ ಅತ್ತೆಗೆ ಹಿಂದೆ ಸರಿಯುವುದೇ ಅಭ್ಯಾಸವಾಗಿದೆ.

ಎದುರು ಬ್ಲಾಕಿನ ಗೆಳತಿ ಸುಮಾ ನನ್ನ ಕಿವಿಯಲ್ಲಿ ಉಸುರಿದಳು: "ಹೌದು ಕಣೇ, ನಿಮ್ಮತ್ತೇನ ಯಾಕೆ ಎಂಬರಾಸ್ ಮಾಡ್ತೀಯಾ? ನಿನ್ ಮಗಳಿಗೆ ಹಾಕ್ಸು, ಕ್ಯೂಟ್ ಆಗಿರುತ್ತೆ."

ಮಗಳು ಬಿಡಬೇಕಲ್ಲ! "ಅಜ್ಜಿ ಕ್ಯಾನ್ ಲಾ!" ಎಂದಳು, ಅಜ್ಜಿ ಕೈಲಿ ಆಗುತ್ತೆ ಎನ್ನುವುದಕ್ಕೆ ಇಲ್ಲಿನವರ ಇಂಗ್ಲಿಷು.

ಅತ್ತೆ ಏನೆಂದರು ಎಂದು ಟೆರೆಸಾ ಆಂಟಿ ಕಿರೀಟ ಹಿಡಿದುಕೊಂಡೇ ನನ್ನನ್ನು ಕೇಳಿದರು. ಏನೆಂದು ಹೇಳಲಿ? ಗಂಡ ಸತ್ತವಳ ತಲೆಗೆ ಇದು ಸಲ್ಲದು ಎಂದೇ? ಕೇಳುತ್ತಿದ್ದಾಕೆಯೂ ಗಂಡನನ್ನು ಕಳೆದುಕೊಂಡವರೇ. ನನಗೆ ಮೈಯೆಲ್ಲ ಉರಿಯಿತು. "ಶಿ ಈಸ್ ರೆಡಿ" ಎಂದುಬಿಟ್ಟೆ.

"ಜನ ಏನಂತಾರೇ?" ಎಂದರು ಅತ್ತೆ.

"ಏನಾದ್ರೂ ಅನ್ಕೊಳ್ಳಲಿ ಅತ್ತೆ. ನಿಮಗೆ ಇಷ್ಟ ಇದ್ಯಾ, ಇಲ್ವಾ? ಅಷ್ಟು ಹೇಳಿ."

ಅತ್ತೆ ಸುಮಾಳನ್ನು ನೋಡಿದರು. ಕಿರೀಟ ನೋಡಿದರು. ಸೆರಗು ಸರಿಮಾಡಿಕೊಂಡು ತಲೆ ಬಗ್ಗಿಸಿದರು.

ಚಪ್ಪಾಳೆಯೋ ಚಪ್ಪಾಳೆ. ಮೊದಲು ನಾಚಿದರು, ಆಮೇಲೆ ಬೆನ್ನು ನೆಟ್ಟಗಾಯಿತು. ನಾನು ಕಿರೀಟ ತೆಗೆಯಲು ಹೋದರೆ "ಇರಲಿ ಬಿಡೇ, ಎಲ್ಲರ ಊಟ ಮುಗೀಲಿ" ಎನ್ನಬೇಕೇ!

ಸಂಜೆ ಸುಮಾಳ ಮೆಸೇಜ್: "ನೀನು ಮಾಡಿದ್ದು ಟೂ ಮಚ್."

ಹೌದೇ? ಇಲ್ಲೇ ನೆಲೆಸಲು ಪಿಆರ್‌ಗೆ ಅಪ್ಲೈ ಮಾಡುತ್ತೇವೆ, ಮಕ್ಕಳಿಗೆ ಕೋಡಿಂಗ್ ಕಲಿಸುತ್ತೇವೆ. ಹೆಣ್ಣುಮಕ್ಕಳನ್ನು ಮೂಲೆಗೆ ಕೂರಿಸುವುದನ್ನೂ ಲಗೇಜಿನಲ್ಲಿ ಹೊತ್ತು ತರಲೇಬೇಕಿತ್ತೇ?

ಬರುವ ಶುಕ್ರವಾರ ನಮ್ಮನೆಯಲ್ಲಿ ಅರಿಶಿನ-ಕುಂಕುಮ. ಅಂಥ ದಿನ ಅತ್ತೆ ರೂಮು ಸೇರಿ ಬಾಗಿಲು ಹಾಕಿಕೊಳ್ಳುವುದು ವಾಡಿಕೆ. ಈ ಸಲ ಹಾಗಿಲ್ಲ. ಲಿಟಲ್ ಇಂಡಿಯಾಗೆ ಹೋಗಿ ಕುಂಕುಮವನ್ನು ತಾವೇ ಆರಿಸಿ ತಂದಿದ್ದಾರೆ. ನಾನೂ ಇಲ್ಲಿನ ಕನ್ನಡತಿಯರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಯಾಗಿದೆ: "ಕುಂಕುಮ ಕೊಡೋರು ನಮ್ಮತ್ತೆ. ಎಲ್ಲರೂ ಬನ್ನಿ."

"ಅವರ ಕೈಯಿಂದ ಯಾರು ತಗೋತಾರೆ?" ಎಂದು ಸುಮಾ ಕೇಳಿದ್ದಾಳೆ.

ನೀವು ತಗೋತೀರಾ?