ತಣ್ಣಗಿನ ಇಂಜಿನ್

ಬೆಳಕು ಹರಿಯುವ ಮೊದಲು ಅವಳ ಕೆಲಸಗಳು: ಹಾಲು ಉಕ್ಕದಂತೆ ಕಾವಲು ನಿಲ್ಲುವುದು, ಅತ್ತೆಯ ಮಾತ್ರೆ ತೆಗೆದಿಡುವುದು, ಗಂಡನ ಗ್ರೀಸು ಮೆತ್ತಿದ ಅಂಗಿ ನೆನೆಹಾಕುವುದು, ಅವನಿಗೆ ಸ್ನಾನದ ನೀರು ಕಾಯಿಸುವುದು. ಈಚೆಗೆ ಇನ್ನೊಂದು ಸೇರಿತ್ತು. ಅವನು ಬಚ್ಚಲಿಗೆ ಹೋದ ಕೂಡಲೇ ಮನೆಗೆ ಅಂಟಿಕೊಂಡ ಗ್ಯಾರೇಜಿಗೆ ಹೋಗಿ ಕೆಂಪು ಕಾರನ್ನು ಸ್ಟಾರ್ಟ್ ಮಾಡಿ, ಬಿಸಿಯಾಗಲು ಬಿಡುವುದು.

ಎರಡೇ ಸೀಟಿನ, ಹಳೆಯ ಕಾಲದ ರೇಸಿನ ಕಾರು. "ಏನೋ ಸದ್ದು ಬರ್ತಿದೆ" ಎಂದು ಅದರ ಮಾಲೀಕ ಬಿಟ್ಟುಹೋಗಿ ಒಂದೂವರೆ ತಿಂಗಳಾಗಿತ್ತು. ಅದರ ಮೈ ಒರೆಸಲು ಮೆಕ್ಯಾನಿಕ್ ಗಂಡ ಅವಳ ಮೆತ್ತನೆಯ ಹೊದಿಕೆಯನ್ನೇ ಹರಿದಿದ್ದ. ಬಾನೆಟ್ ಎತ್ತಿ, ಕಿವಿಗೊಟ್ಟು, "ಏನಮ್ಮ, ಎಲ್ಲಿ ನೋವು?" ಎಂದು ಕೇಳುತ್ತಿದ್ದ. ಮೆಟ್ಟಿಲಿಳಿಯುವಾಗ ಅವಳ ಮೊಣಕಾಲು ಕಟಕಟ ಎನ್ನತೊಡಗಿ ಎರಡು ವರ್ಷ. ಆ ಪ್ರಶ್ನೆ ಅವಳ ಕಡೆಗೆ ಒಮ್ಮೆಯೂ ತಿರುಗಿರಲಿಲ್ಲ. ಮೂಳೆ ಡಾಕ್ಟರ ಚೀಟಿಗೆ ಬೆಳಿಗ್ಗೆ ಆರಕ್ಕೇ ಸಾಲು ನಿಲ್ಲಬೇಕು. ಆರಕ್ಕೆ ಅವಳು ಕಾರು ಕಾಯಿಸುತ್ತಿರುತ್ತಿದ್ದಳು.

"ಸವತಿ ಸೇವೆ ಮುಗೀತಾ?" ಅತ್ತೆ ಕೆಣಕುತ್ತಿದ್ದರು.

"ಸವತಿಯಾದ್ರೆ ಒಂದಿನ ಪಾತ್ರೆನಾದ್ರೂ ತೊಳೀತಿದ್ಲು, ಅತ್ತೆ."

ನಗುತ್ತಲೇ ಹೇಳುತ್ತಿದ್ದಳು.

ನಿನ್ನೆ ಊಟದ ಹೊತ್ತಿಗೆ ಅವನೆಂದ, "ನಾಳೆನೂ ಸದ್ದು ಸಿಗದಿದ್ರೆ ಇಂಜಿನ್ನೇ ಇಳಿಸ್ತೀನಿ. ಇನ್ನು ಮೂರು ತಿಂಗಳು ಕಾರು ಇಲ್ಲೇ." ಮುಖದಲ್ಲಿ ಬೇಸರವಿರಲಿಲ್ಲ, ಹಿಗ್ಗಿತ್ತು. ಅದನ್ನು ನೋಡಿ ಅವಳು ಬಾಯಿಬಿಟ್ಟಳು.

"ಸದ್ದು ಬರೋದು ತಣ್ಣಗಿರುವಾಗ ಕಣ್ರೀ. ಸ್ಟಾರ್ಟ್ ಮಾಡಿದ ತಕ್ಷಣ ಟಿಕ್ ಟಿಕ್ ಅನ್ನುತ್ತೆ. ನೀವು ಸ್ನಾನ ಮುಗಿಸಿ ಬರೋ ಹೊತ್ತಿಗೆ ಬಾಯಿ ಮುಚ್ಚಿರುತ್ತೆ."

"ತಣ್ಣಗಿನ ಇಂಜಿನ್ ಸುಳ್ಳು ಹೇಳುತ್ತೆ. ನನ್ನ ಗುರುಗಳ ಮಾತು."

"ಸೈಲೆನ್ಸರ್ ಪೈಪು ಇಂಜಿನ್ನಿಗೆ ಸೇರೋ ಕಡೆ ಅಂಗೈ ಒಡ್ಡಿದೆ. ಉಸಿರು ಬಿಟ್ಟ ಹಾಗೆ ತಾಗ್ತು, ಮಸಿನೂ ಹತ್ತಿದೆ. ಕುಕ್ಕರಿನ ರಬ್ಬರು ಸಡಿಲಾದಾಗ ಹೀಗೇ. ಕಾದ ಮೇಲೆ ಸಂದು ಮುಚ್ಚಿಕೊಳ್ಳುತ್ತೆ."

ಅವನು ನಕ್ಕುಬಿಟ್ಟ. "ಕುಕ್ಕರ್ ನಿನ್ನ ಇಲಾಖೆ ಕಣೇ. ನೀನು ಬಿಸಿ ಮಾಡಿಟ್ರೆ ಸಾಕು."

ಈ ಬೆಳಿಗ್ಗೆ ಬಚ್ಚಲ ಬಾಗಿಲು ಮುಚ್ಚಿತು. ಕೀ ಹಿಡಿದು ಅವಳು ಕಾರಿನ ಮುಂದೆ ನಿಂತಳು. ಸ್ಪ್ಯಾನರ್ ಕೈಗೆಟುಕುವಲ್ಲೇ ಇತ್ತು. ಪೈಪಿನ ಸಡಿಲಾದ ನಟ್ಟುಗಳನ್ನು ತಾನೇ ಬಿಗಿಮಾಡಬಹುದಿತ್ತು. ಮಾಡಿದ್ದರೆ ನಾಳೆಯಿಂದ ಅದೂ ಬೆಳಗಿನ ಕೆಲಸಗಳ ಸಾಲಿಗೆ ಸೇರುತ್ತಿತ್ತು.

ಒಳಗಿನಿಂದ ಕೂಗು ಬಂತು. "ಕಾರು ಶುರು ಮಾಡಿದ್ಯಾ?"

ತಣ್ಣಗಿನ ಬಾನೆಟ್ ಮೇಲೆ, ಅವನ ಕಣ್ಣಿಗೆ ಬೀಳುವಂತೆ ಕೀ ಇಟ್ಟಳು. ಹೊದಿಕೆಯ ತುಂಡನ್ನು ಎತ್ತಿಕೊಂಡು ಮಡಿಚಿ ಚೀಲಕ್ಕೆ ಹಾಕಿಕೊಂಡಳು; ಸಾಲಿನಲ್ಲಿ ಕೂರಲು ಬೇಕಾದೀತು. ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷವಿತ್ತು. ಕಟಕಟ ಎನ್ನುವ ಮೊಣಕಾಲಿನಲ್ಲೇ ಮನೆಯ ಮುಂದಿನ ಮೆಟ್ಟಿಲಿಳಿದು, ಗೇಟು ತೆರೆದು, ಡಾಕ್ಟರ ಬೀದಿಯತ್ತ ನಡೆದಳು.