ಕಾಸಿದ ಹಳಿ ಮತ್ತು ಕೊನೆಯ ಐದು ನಿಮಿಷ

ವಿಜ್ಞಾನ ಕಲಿಸುವವನಿಗೆ ಹೊಸ ಪ್ರಶ್ನೆ ಸಿಗುವುದು ಅಪರೂಪ. ಐವತ್ತರ ದಶಕದಲ್ಲಿ ನಾನು ರೋಣದ ಹೈಸ್ಕೂಲೊಂದರಲ್ಲಿ ಭೌತಶಾಸ್ತ್ರ ಹೇಳುತ್ತಿದ್ದಾಗ ಅವೇ ಪ್ರಶ್ನೆಗಳು ವರ್ಷವರ್ಷವೂ ಮುಖ ಬದಲಿಸಿಕೊಂಡು ಬರುತ್ತಿದ್ದವು. ಭೂಮಿ ತಿರುಗುತ್ತದೆ ಎಂದ ದಿನ ಹಿಂದಿನ ಬೆಂಚಿನಿಂದ ಒಬ್ಬ ಏಳಲೇಬೇಕು.

“ಹಂಗಾರ ಸರ, ರೋಣದಾಗ ಮ್ಯಾಲ ಜಿಗದವ ನರಗುಂದದಾಗ ಇಳೀಬೇಕಲ್ರಿ? ಬಸ್ಸಿನ ತ್ರಾಸರ ತಪ್ಪತಿತ್ತು!”

“ಓಡೂ ಬಸ್ಸಿನಾಗ ಜಿಗದ್ರ ಹಿಂದಿನ ಸೀಟಿನ್ಯಾಗ ಬೀಳ್ತಿಯೇನು? ಕುಂದ್ರು.”

ಪ್ರಶ್ನೆಗಳಂತೆ ಉತ್ತರಗಳೂ ಸಿದ್ಧವಿದ್ದವು. ನಸುಕಿನ ಐದಕ್ಕೆ ಎದ್ದು, ಊಟ ಸ್ನಾನಗಳನ್ನು ಗಡಿಯಾರಕ್ಕೆ ಒಪ್ಪಿಸಿ ಬೆಳೆದವನು ನಾನು. ಪ್ರಶ್ನೆಗಳಿಗೆ ಪಾಠದ ಕೊನೆಯ ಐದು ನಿಮಿಷ ಮಾತ್ರ. ಗಂಟೆಯಾಯಿತೆಂದರೆ ಮುಗಿಯಿತು. ಇನ್ನೊಂದು ನಿಯಮ: ಒಮ್ಮೆ ಕೊಟ್ಟ ಅಂಕ ತಿದ್ದುವುದಿಲ್ಲ.

ಲಕ್ಕಲಕಟ್ಟಿಯ ಕಮ್ಮಾರರ ಹುಡುಗ ಕಾಳಪ್ಪ ಶಾಖದ ಪಾಠದ ದಿನ ಕೈ ಎತ್ತಿದ್ದ, ಅಷ್ಟರಲ್ಲಿ ಗಂಟೆಯಾಯಿತು. ಮರುದಿನ ನಾನು ಅವನ ಪ್ರಶ್ನೆ ಕೇಳದೆಯೇ ಬೆಳಕಿನ ಪಾಠಕ್ಕೆ ಹೋದೆ.

ವಾರ್ಷಿಕ ಪರೀಕ್ಷೆಗೆ ನಾನೇ ಒಂದು ಪ್ರಶ್ನೆ ಹಾಕಿದ್ದೆ: ನಡುವೆ ತೂತಿರುವ ಕಬ್ಬಿಣದ ಬಿಲ್ಲೆಯನ್ನು ಕಾಸಿದರೆ ತೂತು ಏನಾಗುತ್ತದೆ? ಲೋಹ ಎಲ್ಲ ಕಡೆಗೂ ಹಿಗ್ಗುತ್ತದೆ, ಒಳಕ್ಕೂ ಹಿಗ್ಗಿ ತೂತನ್ನು ಕಿರಿದು ಮಾಡುತ್ತದೆ ಎಂಬುದು ನನ್ನ ತರ್ಕ. ಇಡೀ ವರ್ಗವೂ ಹಾಗೆಯೇ ಬರೆದಿತ್ತು. “ದೊಡ್ಡದಾಗುತ್ತದೆ” ಎಂದವನು ಕಾಳಪ್ಪ ಒಬ್ಬನೇ. ಕೆಂಪು ಶಾಯಿಯಲ್ಲಿ ಕಾಟು ಹಾಕಿದೆ. ಆ ಪ್ರಶ್ನೆಯ ಎರಡೇ ಅಂಕದಿಂದ ಹುಡುಗ ನಪಾಸಾದ.

ಶನಿವಾರ ಹುಡುಗರಿಗೆ ಉತ್ತರಪತ್ರಿಕೆ ತೋರಿಸಿದೆ. ಸೋಮವಾರ ಫಲಿತಾಂಶ ಹಚ್ಚುವುದಿತ್ತು. ಕಾಳಪ್ಪ ಮೇಜಿನ ಹತ್ತಿರ ಬಂದ.

“ಸರ, ನಪಾಸಾದ್ರ ಸಾಲಿ ಬಿಡಿಸಿ ಕುಲುಮ್ಯಾಗ ತಿದಿ ಊದಾಕ ಕುಂದ್ರಸ್ತೀನಿ ಅಂದಾನ್ರಿ ನಮ್ಮಪ್ಪ. ನನ್ನ ಉತ್ತರ ಖರೇ ಐತ್ರಿ. ನಾಳೆ ನಮ್ಮಲ್ಲಿ ಗಾಲಿಗೆ ಹಳಿ ಏರಸ್ತಾರ, ಬಂದು ನೋಡ್ರಿ.”

ಉತ್ತರ ಸರಿಯೋ ತಪ್ಪೋ ಎಂದು ಕಮ್ಮಾರಸಾಲೆಗೆ ಹೋಗಿ ನೋಡುವುದೇ? ಆದರೂ ಮರುದಿನ ಲಕ್ಕಲಕಟ್ಟಿಯ ಬೆಳಗಿನ ಬಸ್ಸು ಹತ್ತಿದೆ.

ಚಕ್ಕಡಿಯ ಗಾಲಿ ನೆಲಕ್ಕೆ ಮಲಗಿತ್ತು. ಅದರ ಸುತ್ತ ತೊಡಿಸುವ ಕಬ್ಬಿಣದ ಬಳೆಯಂಥ ಹಳಿಯನ್ನು ತಣ್ಣಗಿದ್ದಾಗಲೇ ಮೇಲಿಟ್ಟು ತೋರಿಸಿದರು. ಗಾಲಿಗಿಂತ ಅರ್ಧ ಬೆರಳಿನಗಲ ಚಿಕ್ಕದು, ಇಳಿಯಲೊಲ್ಲದು. ಆಮೇಲೆ ಅದನ್ನು ಸಗಣಿ ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿದರು.

“ಕಾಸಿದ್ರ ಒಳಗಿನ ತೂತು ಸಣ್ಣದಾಗೂದಿಲ್ಲೇನು?” ಎಂದೆ, ಮಾಸ್ತರಿಕೆ ಬಿಡದೆ.

ಕಾಳಪ್ಪನ ತಂದೆ ಇಕ್ಕಳದಿಂದ ಹಳಿ ಎತ್ತುತ್ತಿದ್ದ. “ಸಣ್ಣದಾಗೂದಿದ್ರ ನಾವ್ಯಾಕ್ರಿ ಇಷ್ಟ ಕುಳ್ಳು ಸುಡೂಣು? ಲಗೂ ಹಿಂದ ಸರೀರಿ ಮಾಸ್ತರ, ಧೋತರಕ್ಕ ಕಿಡಿ ಹತ್ತೀತು!”

ಹಳಿ ಸಲೀಸಾಗಿ ಗಾಲಿಯ ಸುತ್ತ ಇಳಿಯಿತು. ನೀರು ಸುರಿದರು. ಅದು ಬಿಗಿಯುತ್ತಿದ್ದಂತೆ ಗಾಲಿಯ ಕಟ್ಟಿಗೆಯೆಲ್ಲ ಕಿರಗುಟ್ಟಿತು. ಹಳಿಯೆಂದರೆ ಬಗ್ಗಿಸಿ ಕೂಡಿಸಿದ ಉದ್ದ ಪಟ್ಟಿ. ಪಟ್ಟಿ ಉದ್ದವಾದರೆ ಸುತ್ತು ದೊಡ್ಡದಾಗಲೇಬೇಕು. ಅಷ್ಟು ಸರಳ. ಕಾಳಪ್ಪ ನನ್ನ ಮುಖ ನೋಡದೆ ಕೊಡ ಹಿಡಿದು ನಿಂತಿದ್ದ.

ಆ ಸಂಜೆ ನನ್ನ ಕಾಟಿಗೆ ನಾನೇ ಕಾಟು ಹಾಕಿ ಸಹಿ ಮಾಡಿದೆ. ಕಾಳಪ್ಪ ಪಾಸಾದ. ಉಳಿದವರ ಅಂಕ ಕಡಿಯಲಿಲ್ಲ. ಅವರ ತಪ್ಪು ನನ್ನದೇ ಆಗಿತ್ತು. ತಿದ್ದಲು ಕಾರಣವೇನೆಂದು ಹೆಡ್‌ಮಾಸ್ತರರು ಕೇಳಿದರು. “ಪರೀಕ್ಷಕ ನಪಾಸ” ಎಂದು ಬರೆದುಕೊಟ್ಟೆ.

ನಿಯಮವಿಲ್ಲದೆ ಬದುಕುವುದು ನನಗೆ ಈಗಲೂ ಆಗದು. ಮರುವರ್ಷವೂ ಪ್ರಶ್ನೆಗೆ ಐದೇ ನಿಮಿಷ ಇಟ್ಟೆ. ಆದರೆ ಅದನ್ನು ಪಾಠದ ಕೊನೆಯಿಂದ ಮೊದಲಿಗೆ ತಂದೆ. ಮಾಸ್ತರನ ತಪ್ಪು ಮೊದಲೇ ಗೊತ್ತಾದರೆ ತಿದ್ದಿಕೊಳ್ಳಲು ನಲವತ್ತು ನಿಮಿಷ ಉಳಿದಿರುತ್ತವೆ.