ಒಡೆಯದೆ ಉಳಿದ ಗೋಡೆ

ರೋಮನ್ನರು ಆಳುತ್ತಿದ್ದ ಕಪ್ಪದೋಕ್ಯದ ಒಂದು ಊರಿನಲ್ಲಿ ಪಾರಿವಾಳಗಳಿಗೆ ಬಂಡೆಯಲ್ಲೇ ಎತ್ತರದಲ್ಲಿ ಕೋಣೆ ಕೊರೆದು, ಬಾಗಿಲನ್ನು ಕಲ್ಲುಮಣ್ಣಿನಿಂದ ಮುಚ್ಚಿಬಿಡುತ್ತಿದ್ದರು. ಹಕ್ಕಿಗಳಿಗೆ ಮೇಲೆ ಸಣ್ಣ ಕಿಂಡಿಗಳು. ವರ್ಷಕ್ಕೊಮ್ಮೆ ಗೋಡೆ ಒಡೆದು, ದ್ರಾಕ್ಷಿ ತೋಟದ ಗೊಬ್ಬರಕ್ಕೆ ಹಿಕ್ಕೆ ತೆಗೆದು, ಮತ್ತೆ ಕಟ್ಟುವುದು ವಾಡಿಕೆ. ಅಮ್ಮಿಯಾ ಮಾತ್ರ ತನ್ನ ಗೋಡೆಯನ್ನು ಒಡೆಯುತ್ತಿರಲಿಲ್ಲ.

ಗಂಡ ಸಾಸಾಸ್ ಇದ್ದಾಗ ಹೀಗಿರಲಿಲ್ಲ. "ಹಕ್ಕಿ ಹತ್ರ ಆಡೋ ಮಾತಲ್ಲಿ ಅರ್ಧ ನನ್ನ ಹತ್ರ ಆಡಿದ್ರೆ ನಾನೂ ಮೊಟ್ಟೆ ಇಡ್ತಿದ್ದೆ ಕಣೇ" ಎಂದು ರೇಗಿಸುತ್ತಿದ್ದ. ಮುದುಕ ಥಲ್ಲೋಸ್ ಕ್ರಿಸ್ತನ ಸುದ್ದಿ ಹೇಳುತ್ತ ಊರಿಗೆ ಬಂದಾಗ ಸಾಸಾಸ್ ಮೊದಲು ನಕ್ಕ, ಆಮೇಲೆ ಕೂತು ಕೇಳಿದ, ಕೊನೆಗೆ ಹೊಳೆಗಿಳಿದು ದೀಕ್ಷಾಸ್ನಾನ ಪಡೆದ. ಅಮ್ಮಿಯಾ ಅವನ ಬಟ್ಟೆ ಹಿಡಿದು ದಡದಲ್ಲೇ ನಿಂತಿದ್ದಳು.

ಚಕ್ರವರ್ತಿ ನಿಷೇಧಿಸಿದ್ದ ಆ ಮತವನ್ನು ಸಾರುತ್ತಿದ್ದ ಥಲ್ಲೋಸನನ್ನು ಹಿಡಿಯಲು ಸೈನಿಕರು ಬಂದ ದಿನ ಇಬ್ಬರೂ ಅವನನ್ನು ಗೂಡಿನೊಳಗೆ ಕೂರಿಸಿ ಗೋಡೆ ಕಟ್ಟಿದರು. ಸಾಸಾಸ್ ಬರಿಗೈಯಲ್ಲೇ ಮಣ್ಣು ಮೆತ್ತಿದ. ಏಣಿಯಿಂದ ಇಳಿದ ಮೇಲೆ ಅಮ್ಮಿಯಾ ತಲೆಯೆತ್ತಿ ನೋಡಿದಳು. ಹೆದರಿದ ಪಾರಿವಾಳಗಳೆಲ್ಲ ಆಕಾಶದಲ್ಲಿ ಸುತ್ತುತ್ತಿದ್ದವು. ಒಳಗೆ ಯಾರೋ ಇದ್ದಾರೆ ಎಂದು ಊರಿಗೆಲ್ಲ ಸಾರಿದಂತೆ!

"ಅಯ್ಯೋ, ಇದು ಹೊಳೀಲೇ ಇಲ್ವಲ್ಲ ನಮಗೆ!"

"ಸುಮ್ನಿರು" ಎಂದ ಸಾಸಾಸ್. ಅವನ ತುಟಿ ಪ್ರಾರ್ಥನೆಯಲ್ಲಿ ಅಲುಗುತ್ತಿತ್ತು.

ಸೈನಿಕರು ತಿರುವು ದಾಟುವಷ್ಟರಲ್ಲಿ ಹಕ್ಕಿಗಳು ಒಂದೊಂದಾಗಿ ಇಳಿದವು. ಕಿಂಡಿಗಳಲ್ಲಿ ಕೂತು ಗರಿ ತಿದ್ದಿಕೊಳ್ಳತೊಡಗಿದವು. ಹುಟ್ಟಿದಾಗಿನಿಂದ ಅವುಗಳ ಜೊತೆ ಬೆಳೆದ ಅಮ್ಮಿಯಾ ಅಂಥದ್ದನ್ನು ಕಂಡಿರಲಿಲ್ಲ.

ದಾರಿ ತೋರಿಸಲು ಬಂದಿದ್ದ ನೆರೆಯವ ಟಾಟಾಸ್ ಗೂಡಿನತ್ತ ಕೈಬೀಸಿ ಹೇಳಿದ. "ಅಲ್ಲೇನಿಲ್ಲ ಒಡೆಯಾ. ನಾವು ಗೊಬ್ಬರಕ್ಕೆ ಒಳಗೆ ಹೋದ್ರೆ ಸಂಜೆವರೆಗೂ ಇವು ಕೆಳಗಿಳಿಯಲ್ಲ."

ಸೈನಿಕರ ನಾಯಕ ಹೊರಟವನು ಸಾಸಾಸನ ಕೈ ನೋಡಿ ತಿರುಗಿ ನಿಂತ. "ಏನೋ ಇದು, ಮೊಣಕೈವರೆಗೂ ಮಣ್ಣು?"

"ತೋಟದವನ ಕೈಲಿ ಇನ್ನೇನಿರುತ್ತೆ ಒಡೆಯಾ, ಉಂಗುರಾನಾ?"

ಎಲ್ಲರೂ ನಕ್ಕರು. ನಾಯಕನೂ ನಕ್ಕ. "ಸರಿ, ಅದೇ ಕೈಲಿ ಚಕ್ರವರ್ತಿ ಹೆಸರಿಗೆ ಒಂದು ಚಿಟಿಕೆ ಧೂಪ ಹಾಕು. ನೀನು ಕ್ರಿಸ್ತನವನಲ್ಲ ಅಂತ ಗೊತ್ತಾಗಲಿ."

ಹಾಕು ಎಂದು ಅಮ್ಮಿಯಾ ಕಣ್ಣಲ್ಲೇ ಬೇಡಿದಳು. ಸಾಸಾಸ್ ಅವಳನ್ನು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ.

"ಆಗಲ್ಲ ಒಡೆಯಾ" ಎಂದ, ಮೆಲ್ಲಗೆ.

ಅವನನ್ನು ಕಟ್ಟಿ ಕೈಸರೈಯ ಪಟ್ಟಣಕ್ಕೆ ಒಯ್ದರು. ದ್ರಾಕ್ಷಿ ಹಣ್ಣಾಗುವ ಮೊದಲೇ ಅವನ ತಲೆ ಕಡಿದ ಸುದ್ದಿ ಬಂತು.

ಅವನನ್ನು ಒಯ್ದ ದಿನವೇ, ಸೈನಿಕರು ಮರೆಯಾದ ಮೇಲೆ ಅಮ್ಮಿಯಾ ಗೋಡೆಯ ಮೂಲೆಯ ಕಲ್ಲುಗಳನ್ನು ಕಿತ್ತು ಥಲ್ಲೋಸನನ್ನು ಹೊರಗೆ ಬಿಟ್ಟಿದ್ದಳು. ಮೈತುಂಬ ಗರಿ ಅಂಟಿಸಿಕೊಂಡು ಮುದುಕ ತೆವಳಿ ಹೊರಬಂದ. "ದೇವರೇ ಅವುಗಳ ರೆಕ್ಕೆ ಹಿಡಿದು ಕೂರಿಸಿದ ಮಗಳೇ. ನನ್ನ ಹೆಗಲ ಮೇಲೂ ಬಂದು ಕೂತವು."

"ಗೊತ್ತು ಅಜ್ಜ, ನಾನೂ ಕಣ್ಣಾರೆ ಕಂಡೆ" ಎಂದಳು ಅಮ್ಮಿಯಾ. "ಇಷ್ಟೊಂದು ರೆಕ್ಕೆ ಹಿಡಿದವನಿಗೆ ನನ್ನ ಗಂಡನ್ನ ಕಟ್ಟಿದ ಆ ಎರಡು ಕೈ ಹಿಡಿಯೋಕೆ ಆಗ್ಲಿಲ್ವಾ?"

ಥಲ್ಲೋಸ್ ಅವಳ ಎದುರು ನೆಲಕ್ಕೆ ಕುಸಿದು ಮಗುವಿನಂತೆ ಅತ್ತ. ಅವನು ಏನಾದರೂ ಸಮಾಧಾನ ಹೇಳಿದ್ದರೆ ಅವಳು ಅಲ್ಲಿಂದಲೇ ಓಡಿಸುತ್ತಿದ್ದಳೇನೋ. ಮನೆಯೊಳಗೆ ಕರೆದು ರೊಟ್ಟಿ ಕೊಟ್ಟಳು. ಆಮೇಲೆ ಗೋಡೆಯ ಮೂಲೆಗೆ ಕಲ್ಲುಗಳನ್ನು ಮರಳಿ ಇಟ್ಟು ಮುಚ್ಚಿದಳು.

ಮುಂದಿನ ವರ್ಷ ಹಿಕ್ಕೆ ತೆಗೆಯಲು ಗುದ್ದಲಿ ಎತ್ತಿದಾಗ, ಒಣಗಿದ ಮಣ್ಣಿನ ಮೇಲೆ ಸಾಸಾಸನ ಬೆರಳ ಗುರುತುಗಳು ಕಂಡವು. ಹೆಬ್ಬೆರಳು ಆಳವಾಗಿ ಊರಿತ್ತು. ಅಮ್ಮಿಯಾ ಗುದ್ದಲಿ ಇಳಿಸಿದಳು. ಗೋಡೆಯ ಪಕ್ಕದ ಬಂಡೆಯಲ್ಲಿ ಅದೇ ಕೋಣೆಗೆ ಬೇರೆ ಬಾಗಿಲು ಕೊರೆಯಲು ಕೂತಳು.

ತಲೆಯ ಮೇಲೆ ಪಾರಿವಾಳಗಳು ಹೆದರಿ ಸುತ್ತುತ್ತಲೇ ಇದ್ದವು. ಕತ್ತಲಾಗುವವರೆಗೂ ಒಂದೂ ಇಳಿಯಲಿಲ್ಲ.